ಆರೋಗ್ಯದ ಹಕ್ಕು ಮತ್ತು ದುಡಿಯುವವರ ಘನತೆ: ಬ್ರಿಟನ್ನಿನ ಅನುಭವದಿಂದ ಒಂದು ಪಾಠ

ಪೀಠಿಕೆ

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯಲ್ಲಿ ಎರಡನೆಯ ಮಹಾಯುದ್ಧದ ತರುವಾಯದ ಯೂರೋಪಿನ ಪಾಠ ನಡೆದಿದ್ದಿತು. ಬ್ರಿಟನ್ನಿನಲ್ಲಿ 1948ರಿಂದ ರೋಗಿಯು ಆಸ್ಪತ್ರೆಯ ಬಾಗಿಲಲ್ಲಿ ಹಣ ಕಟ್ಟಬೇಕಾಗಿಲ್ಲವೆಂಬ ಸಂಗತಿಯನ್ನು ನಾನು ಹೇಳಿದಾಗ, ನಮ್ಮ ಪ್ರಸಾದ ನಿಲಯದಲ್ಲಿದ್ದು ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಸರ್, ಹಾಗಾದರೆ ಆ ಹಣವನ್ನು ಕಟ್ಟುವವರು ಯಾರು?” ಎಂದು ಕೇಳಿದನು. ಉಚಿತವಾಗಿ ಬಡಿಸಿದ ಅನ್ನದ ಹಿಂದೆ ಒಬ್ಬ ರೈತನ ಬೆವರು, ಒಬ್ಬ ದಾನಿಯ ಔದಾರ್ಯ ಇರುವುದೆಂಬುದನ್ನು ಬಲ್ಲ ಹುಡುಗನಿಗೆ ಸಹಜವಾಗಿಯೇ ಹೊಳೆಯುವ ಪ್ರಶ್ನೆ ಅದು. “ಸರಕಾರ ಕಟ್ಟುತ್ತದೆ, ಸರಕಾರಕ್ಕೆ ಜನರು ತೆರಿಗೆ ಕೊಡುತ್ತಾರೆ” ಎಂದು ಉತ್ತರವಿತ್ತು ಪಾಠವನ್ನು ಮುಂದುವರಿಸಿದೆನು.

ಆ ಉತ್ತರ ತಪ್ಪಾಗಿರಲಿಲ್ಲ, ಆದರೆ ಅಪೂರ್ಣವಾಗಿದ್ದಿತು. ಆಮೇಲೆ ಆ ದೇಶದ ಸಾಮಾಜಿಕ ಇತಿಹಾಸವನ್ನು ಸ್ವಲ್ಪ ಆಳವಾಗಿ ಓದುತ್ತ ಹೋದಂತೆ, ಉಚಿತ ವೈದ್ಯಕೀಯ ಸೇವೆಯ ವೆಚ್ಚವನ್ನು ತೆರಿಗೆದಾರರೊಂದಿಗೆ ಬೇರೆ ಕೆಲವರೂ ಹೊತ್ತರೆಂಬುದು ಸ್ಪಷ್ಟವಾಯಿತು. ಕಡಿಮೆ ಕೂಲಿಗೆ ದುಡಿದ ಹೆಂಗಸರು, ಸಮುದ್ರ ದಾಟಿ ಬಂದು ಕೆಳದರ್ಜೆಯ ಹುದ್ದೆಗಳಲ್ಲಿ ನಿಂತ ದಾದಿಯರು, ಯಾರೂ ಹೋಗಲೊಪ್ಪದ ಊರುಗಳಿಗೆ ಹೋದ ಪರದೇಶದ ವೈದ್ಯರು, ಇವರೆಲ್ಲರೂ ತಮ್ಮ ಪಾಲನ್ನು ದುಡಿಮೆಯ ರೂಪದಲ್ಲಿ ತೆತ್ತರು. ಆರೋಗ್ಯ, ಕಾರ್ಮಿಕರ ಹಕ್ಕು, ಸ್ತ್ರೀಯರ ಹಕ್ಕು, ವಲಸೆ ಬಂದವರ ಹಕ್ಕು, ಈ ನಾಲ್ಕನ್ನೂ ನಾವು ಪಠ್ಯಪುಸ್ತಕಗಳಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಪ್ರಗತಿಪರ ಚಿಂತನೆಯೆಂದು ಕರೆಯಲಾಗುವ ರಾಜಕೀಯ ಧಾರೆಯು ಇವನ್ನು ಒಂದೇ ಪ್ರಶ್ನೆಯ ನಾಲ್ಕು ಮುಖಗಳೆಂದು ಕಾಣುತ್ತದೆ. ಆ ಕಾಣ್ಕೆಯು ಎಷ್ಟರಮಟ್ಟಿಗೆ ನಿಜವೆಂಬುದನ್ನು ಬ್ರಿಟನ್ನಿನ ಅನುಭವದ ಆಧಾರದಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಬೆಂಕಿಕಡ್ಡಿಯ ಕಾರ್ಖಾನೆಯಲ್ಲಿ

ಭಾರತೀಯರಿಗೆ ಚಿರಪರಿಚಿತರಾದ ಆನಿ ಬೆಸೆಂಟರಿಂದಲೇ ಆರಂಭಿಸೋಣ. 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದ ಈ ಮಹಿಳೆ ಭಾರತಕ್ಕೆ ಬರುವ ಮೊದಲು ಲಂಡನ್ನಿನ ಬಡವರ ನಡುವೆ ಕೆಲಸ ಮಾಡಿದ್ದರು. ಪೂರ್ವ ಲಂಡನ್ನಿನ ಬೋ ಎಂಬಲ್ಲಿದ್ದ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗಿಯರ ದುಃಸ್ಥಿತಿಯನ್ನು ಕುರಿತು 1888ರ ಜೂನ್ ತಿಂಗಳಲ್ಲಿ ಅವರೊಂದು ಲೇಖನವನ್ನು ಪ್ರಕಟಿಸಿದರು. ಅತ್ಯಲ್ಪ ಕೂಲಿ, ಅದರಲ್ಲಿಯೂ ತಡವಾಗಿ ಬಂದರೆ ದಂಡ, ಮಾತನಾಡಿದರೆ ದಂಡ, ಪಾದ ಕೊಳೆಯಾಗಿದ್ದರೆ ದಂಡ. ಇವೆಲ್ಲಕ್ಕಿಂತ ಘೋರವಾದುದು ಬಿಳಿ ರಂಜಕದ ವಿಷ. ಕೆಲಸದ ಸ್ಥಳದಲ್ಲಿಯೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದುದರಿಂದ ಆ ವಿಷವು ಅನ್ನದೊಂದಿಗೆ ಬಾಯಿ ಸೇರುತ್ತಿದ್ದಿತು. ಹಲ್ಲು ನೋವಿನಿಂದ ತೊಡಗಿ ದವಡೆಯ ಮೂಳೆಯೇ ಕೊಳೆಯುವ ರೋಗ ಅನೇಕರನ್ನು ಬಲಿ ತೆಗೆದುಕೊಂಡಿತು.

ಜುಲೈ ತಿಂಗಳಲ್ಲಿ ಸುಮಾರು 1,400 ಮಂದಿ ಹೆಂಗಸರು ಮತ್ತು ಹುಡುಗಿಯರು ಕೆಲಸ ಬಿಟ್ಟು ಹೊರಬಂದರು. ಮುಷ್ಕರವನ್ನು ಹೂಡಿದವರು ಆ ಹುಡುಗಿಯರೇ. ಬೆಸೆಂಟರು ಅವರ ಬೆನ್ನಿಗೆ ನಿಂತರು. ಎರಡು ವಾರಗಳೊಳಗಾಗಿ ಒಡೆಯರು ಮಣಿದರು. ದಂಡದ ಪದ್ಧತಿ ನಿಂತಿತು. ಊಟಕ್ಕೆ ಪ್ರತ್ಯೇಕ ಕೋಣೆ ದೊರಕಿತು. ಈ ಕೊನೆಯ ಬೇಡಿಕೆಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಅದು ಕೂಲಿಯ ಬೇಡಿಕೆಯೋ, ಆರೋಗ್ಯದ ಬೇಡಿಕೆಯೋ, ಹೆಂಗಸರ ಮಾನದ ಬೇಡಿಕೆಯೋ? ಮೂರನ್ನೂ ಬೇರ್ಪಡಿಸಲು ಬಾರದು. ಆ ಹುಡುಗಿಯರಲ್ಲಿ ಅನೇಕರು ಐರ್ಲೆಂಡಿನಿಂದ ಹೊಟ್ಟೆಪಾಡಿಗಾಗಿ ಬಂದು ನೆಲಸಿದ ಕುಟುಂಬಗಳವರೆಂಬುದನ್ನು ಸೇರಿಸಿಕೊಂಡರೆ ನಾಲ್ಕನೆಯ ಮುಖವೂ ಅಲ್ಲಿಯೇ ಕಾಣಿಸುತ್ತದೆ. ಆದರೂ ಬಿಳಿ ರಂಜಕದ ಬಳಕೆಯು ಕಾನೂನಿನಿಂದ ನಿಷೇಧವಾಗಲು 1908ರವರೆಗೆ ಕಾಯಬೇಕಾಯಿತು. ಅದು ಜಾರಿಗೆ ಬಂದುದು 1910ರ ಕೊನೆಗೆ.

ಗಣಿಯೂರಿನ ಸಂಘ

ರೋಗ ಬಂದಾಗ ಬಡವನಿಗೆ ಆಗ ಇದ್ದ ಆಸರೆ ಯಾವುದು? ಧರ್ಮಾಸ್ಪತ್ರೆಗಳ ದಯೆ, ಇಲ್ಲವೆ 1834ರ ಬಡವರ ಕಾಯಿದೆಯಂತೆ ನಡೆಯುತ್ತಿದ್ದ ದುಡಿಮೆಯ ಮನೆಗಳ ಅವಮಾನ. 1911ರಲ್ಲಿ ಲಾಯ್ಡ್ ಜಾರ್ಜರು ರಾಷ್ಟ್ರೀಯ ವಿಮಾ ಕಾಯಿದೆಯನ್ನು ತಂದಾಗ ಮೊದಲ ಬಾರಿಗೆ ಕಾರ್ಮಿಕನಿಗೆ ಹಕ್ಕಿನ ಚಿಕಿತ್ಸೆ ದೊರೆಯಿತು. ವಾರಕ್ಕೆ ಕೆಲಸಗಾರನು 4 ಪೆನ್ಸ್, ಒಡೆಯನು 3 ಪೆನ್ಸ್, ಸರಕಾರ 2 ಪೆನ್ಸ್ ಕೂಡಿಸುವುದು. ಕಾಯಿಲೆಯಾದಾಗ ವೈದ್ಯನೂ ಭತ್ಯೆಯೂ ದೊರೆಯುವುದು. ಮಹತ್ವದ ಹೆಜ್ಜೆಯೇ ಸರಿ. ಆದರೆ ಭತ್ಯೆ ಗಂಡಸಿಗೆ ವಾರಕ್ಕೆ 10 ಷಿಲಿಂಗ್, ಹೆಂಗಸಿಗೆ ಏಳೂವರೆ. ಕೂಲಿಯಿಲ್ಲದೆ ಮನೆಯಲ್ಲಿ ದುಡಿಯುವ ಹೆಂಡತಿಗೂ ಮಕ್ಕಳಿಗೂ ಹೆರಿಗೆಯ ಸಹಾಯಧನವೊಂದನ್ನುಳಿದು ವೈದ್ಯನ ಸೇವೆಯಿಲ್ಲ. ದುಡಿಯುವವನ ದೇಹಕ್ಕೆ ಬೆಲೆ ಬಂದಿತು; ಅವನಿಗೆ ಅಡಿಗೆ ಮಾಡಿ ಬಡಿಸುವವಳ ದೇಹಕ್ಕೆ ಬರಲಿಲ್ಲ.

ಇದಕ್ಕಿಂತ ಉತ್ತಮವಾದ ಮಾದರಿಯೊಂದು ವೇಲ್ಸಿನ ಕಲ್ಲಿದ್ದಲಿನ ಕಣಿವೆಯಲ್ಲಿದ್ದಿತು. ಟ್ರೆಡೀಗರ್ ಎಂಬ ಊರಿನ ಗಣಿ ಮತ್ತು ಕಬ್ಬಿಣದ ಕಾರ್ಮಿಕರು 1890ರಲ್ಲಿ ವೈದ್ಯಕೀಯ ಸಹಾಯ ಸಂಘವೊಂದನ್ನು ಕಟ್ಟಿಕೊಂಡರು. ಸಂಬಳದಲ್ಲಿ ಪೌಂಡಿಗೆ 3 ಪೆನ್ಸಿನಂತೆ ವಂತಿಗೆ ಹಾಕಿ ವೈದ್ಯರನ್ನು ನೇಮಿಸಿಕೊಂಡರು, ಆಸ್ಪತ್ರೆ ನಡೆಸಿದರು. ಸದಸ್ಯನ ಹೆಂಡತಿ ಮಕ್ಕಳಿಗೂ ಸೇವೆ ದೊರೆಯುತ್ತಿದ್ದುದರಿಂದ ಊರಿನ ಬಹುಪಾಲು ಜನ ಅದರ ಆಶ್ರಯಕ್ಕೆ ಬಂದರು. ಮುಂದೆ ಪ್ರಸಿದ್ಧ ಕಾದಂಬರಿಕಾರರಾದ ಎ. ಜೆ. ಕ್ರೋನಿನ್ನರು 1920ರ ದಶಕದಲ್ಲಿ ಈ ಸಂಘದ ವೈದ್ಯರಾಗಿದ್ದರು.

ಇದೇ ಊರಿನಲ್ಲಿ 1897ರಲ್ಲಿ ಗಣಿ ಕಾರ್ಮಿಕನ ಮಗನಾಗಿ ಹುಟ್ಟಿದವರು ಅನೈರಿನ್ ಬೆವನ್. 13ನೆಯ ವಯಸ್ಸಿನಲ್ಲಿಯೇ ಶಾಲೆ ಬಿಟ್ಟು ಗಣಿಗೆ ಇಳಿದವರು. ಕಲ್ಲಿದ್ದಲಿನ ಧೂಳಿನಿಂದ ಶ್ವಾಸಕೋಶ ಕೆಟ್ಟು ಅವರ ತಂದೆ 1925ರಲ್ಲಿ ತೀರಿಕೊಂಡರು. ಆ ರೋಗವು ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗವೆಂದು ಆಗ ಪರಿಗಣಿತವಾಗಿರಲಿಲ್ಲ. ಕುಟುಂಬಕ್ಕೆ ಬಿಡಿಗಾಸೂ ದೊರೆಯಲಿಲ್ಲ. 1929ರಲ್ಲಿ ಬೆವನ್ನರು ಪಾರ್ಲಿಮೆಂಟಿನ ಸದಸ್ಯರಾದರು.

ಬೆವರಿಜ್ ವರದಿ ಮತ್ತು ಗೃಹಿಣಿಯರು

ಯುದ್ಧದ ನಡುವೆ, 1942ರ ಡಿಸೆಂಬರಿನಲ್ಲಿ, ಸರ್ ವಿಲಿಯಂ ಬೆವರಿಜ್ಜರ ವರದಿ ಹೊರಬಿದ್ದಿತು. ಇವರು ಹುಟ್ಟಿದ್ದು 1879ರಲ್ಲಿ ಬಂಗಾಳದ ರಂಗಪುರದಲ್ಲಿ. ಆ ಊರು ಇಂದು ಬಾಂಗ್ಲಾದೇಶದಲ್ಲಿದೆ. ಅಭಾವ, ರೋಗ, ಅಜ್ಞಾನ, ಕೊಳಚೆ, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಗೆಲ್ಲಬೇಕೆಂಬುದು ವರದಿಯ ಸಾರ. ಜನ ಸಾಲುಗಟ್ಟಿ ನಿಂತು ಅದನ್ನು ಕೊಂಡರು. ಸರಕಾರಿ ವರದಿಯೊಂದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಖರ್ಚಾದುದು ಅಪೂರ್ವ ಸಂಗತಿ.

ಆದರೆ ಈ ಉದಾತ್ತ ವರದಿಯಲ್ಲಿಯೂ ಒಂದು ಕೊರತೆ ಉಳಿದುಕೊಂಡಿತು. ವಿವಾಹಿತ ಸ್ತ್ರೀಯನ್ನು ಅದು ಮುಖ್ಯವಾಗಿ ಗಂಡನ ಅವಲಂಬಿತೆಯೆಂದೇ ಎಣಿಸಿತು. ಉದ್ಯೋಗದಲ್ಲಿರುವ ವಿವಾಹಿತೆಗೆ ಕಡಿಮೆ ಸೌಲಭ್ಯ, ಇಲ್ಲವೆ ವಿಮೆಯಿಂದ ಹೊರಗುಳಿಯುವ ಅವಕಾಶ. ಎಲಿಜಬೆತ್ ಅಬಾಟ್ ಮತ್ತು ಕ್ಯಾಥರೀನ್ ಬೊಂಪಾಸ್ ಎಂಬಿಬ್ಬರು ಮಹಿಳೆಯರು 1943ರಲ್ಲಿಯೇ ಈ ದೋಷವನ್ನು ಎತ್ತಿ ತೋರಿಸಿದರು. ಹೆಂಗಸನ್ನು ಸ್ವತಂತ್ರ ನಾಗರಿಕಳೆಂದು ಕಾಣಬೇಕೆಂಬುದು ಅವರ ವಾದ. ಅವರ ಮಾತು ಅಂದು ನಡೆಯಲಿಲ್ಲ.

ಇನ್ನೊಂದು ಕಡೆಯಲ್ಲಿ ನಡೆದ ಹೋರಾಟಕ್ಕೆ ಫಲ ದೊರೆಯಿತು. ಮಕ್ಕಳ ಪಾಲನೆಗೆ ಸರಕಾರ ಕೊಡುವ ಭತ್ಯೆಗಾಗಿ ಎಲೀನರ್ ರಾತ್‌ಬೋನ್ ಎಂಬ ಪಾರ್ಲಿಮೆಂಟ್ ಸದಸ್ಯೆ ದಶಕಗಳ ಕಾಲ ದುಡಿದಿದ್ದರು. 1945ರಲ್ಲಿ ಮಸೂದೆ ಬಂದಾಗ ಆ ಹಣವನ್ನು ತಂದೆಯ ಕೈಗೆ ಕೊಡುವ ಏರ್ಪಾಡು ಇದ್ದಿತು. ರಾತ್‌ಬೋನರು ತೀವ್ರವಾಗಿ ಪ್ರತಿಭಟಿಸಿದ ಮೇಲೆ, ತಾಯಿಯ ಕೈಗೇ ಕೊಡಬೇಕೆಂದು ತೀರ್ಮಾನವಾಯಿತು. ಎರಡನೆಯ ಮಗುವಿನಿಂದ ಮೊದಲ್ಗೊಂಡು ವಾರಕ್ಕೆ 5 ಷಿಲಿಂಗ್. ಮೊತ್ತ ಚಿಕ್ಕದು, ಆದರೆ ಎಷ್ಟೋ ತಾಯಂದಿರಿಗೆ ಅದೇ ತಮ್ಮ ಹೆಸರಿನಲ್ಲಿ ಬಂದ ಮೊದಲ ಹಣವಾಗಿದ್ದಿತು.

ಈ ಸಂದರ್ಭದಲ್ಲಿ ಶಿಕ್ಷಕ ಬಂಧುಗಳಿಗೆ ಆಸಕ್ತಿಯುಂಟುಮಾಡುವ ಪ್ರಸಂಗವೊಂದನ್ನು ಹೇಳಬೇಕು. 1944ರ ಮಾರ್ಚ್‌ನಲ್ಲಿ ಶಿಕ್ಷಣ ಮಸೂದೆಯ ಚರ್ಚೆ ನಡೆದಾಗ, ಶಿಕ್ಷಕಿಯರಿಗೂ ಶಿಕ್ಷಕರಷ್ಟೇ ವೇತನ ಕೊಡಬೇಕೆಂಬ ತಿದ್ದುಪಡಿ 117ಕ್ಕೆ 116 ಮತಗಳಿಂದ, ಅಂದರೆ ಒಂದೇ ಮತದ ಅಂತರದಿಂದ, ಅಂಗೀಕೃತವಾಯಿತು. ಪ್ರಧಾನಿ ಚರ್ಚಿಲ್ಲರು ಇದನ್ನು ಸರಕಾರದ ಮೇಲಿನ ವಿಶ್ವಾಸದ ಪ್ರಶ್ನೆಯಾಗಿಸಿ ತಿದ್ದುಪಡಿಯನ್ನು ತಿರುಗುಮುರುಗು ಮಾಡಿಸಿದರು. ಮದುವೆಯಾದ ಶಿಕ್ಷಕಿಯನ್ನು ಕೆಲಸದಿಂದ ತೆಗೆಯುವ ಪದ್ಧತಿಯನ್ನು ಆ ಕಾಯಿದೆ ರದ್ದುಗೊಳಿಸಿತಾದರೂ ಇಂಗ್ಲೆಂಡಿನ ಶಿಕ್ಷಕಿಯರಿಗೆ ಪೂರ್ಣ ಸಮಾನ ವೇತನ ದೊರೆತುದು 1961ರಲ್ಲಿ.

1948ರ ಬೇಸಗೆ

1945ರ ಚುನಾವಣೆಯಲ್ಲಿ ಲೇಬರ್ ಪಕ್ಷ ಗೆದ್ದಿತು. ಬೆವನ್ನರು ಆರೋಗ್ಯ ಮಂತ್ರಿಯಾದರು. ತನ್ನ ಊರಿನ ವ್ಯವಸ್ಥೆಯನ್ನೇ ದೇಶಕ್ಕೆಲ್ಲ ವಿಸ್ತರಿಸುತ್ತಿರುವುದಾಗಿ ಅವರು ಹೇಳುತ್ತಿದ್ದರೆಂಬುದು ಪ್ರಸಿದ್ಧ. 1946ರಲ್ಲಿ ಕಾಯಿದೆ ಅಂಗೀಕೃತವಾಯಿತು. ವೈದ್ಯರ ಸಂಘವು ಉಗ್ರವಾಗಿ ವಿರೋಧಿಸಿತು. 1948ರ ಆರಂಭದಲ್ಲಿ ನಡೆದ ಮತಗಣನೆಯಲ್ಲಿ ವೈದ್ಯರ ಬಹುದೊಡ್ಡ ಬಹುಮತ ಕಾಯಿದೆಗೆ ವಿರುದ್ಧವಾಗಿದ್ದಿತು. ಕೆಲವು ರಿಯಾಯಿತಿಗಳನ್ನಿತ್ತು, ಕೆಲವು ಕಡೆ ಗಟ್ಟಿಯಾಗಿ ನಿಂತು, 1948ರ ಜುಲೈ 5ರಂದು ಬೆವನ್ನರು ಮ್ಯಾಂಚೆಸ್ಟರಿನ ಸಮೀಪದ ಪಾರ್ಕ್ ಆಸ್ಪತ್ರೆಯಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದರು. ಇಂಗ್ಲೆಂಡ್ ಮತ್ತು ವೇಲ್ಸಿನ 2,500ಕ್ಕೂ ಹೆಚ್ಚು ಆಸ್ಪತ್ರೆಗಳು ಒಂದೇ ದಿನ ಸಾರ್ವಜನಿಕ ಸ್ವತ್ತಾದವು. ವೆಚ್ಚದ ಮುಖ್ಯ ಭಾಗ ಸಾಮಾನ್ಯ ತೆರಿಗೆಯಿಂದ. ಚಿಕಿತ್ಸೆ ಅಗತ್ಯವುಳ್ಳ ಎಲ್ಲರಿಗೂ.

ಆರಂಭದ ದಿನಗಳಲ್ಲಿ ವೈದ್ಯರ ಮುಂದೆ ಬಂದು ಕುಳಿತವರಲ್ಲಿ ಹೆಂಗಸರ ಸಂಖ್ಯೆ ಗಮನಾರ್ಹವಾಗಿದ್ದಿತು. ಗಂಡನ ವಿಮೆಯಲ್ಲಿ ತಮಗೆ ಪಾಲಿಲ್ಲದುದರಿಂದ ಗರ್ಭಕೋಶದ ಬಾಧೆ, ರಕ್ತಹೀನತೆಗಳನ್ನು ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸಿಕೊಂಡು ಬಂದವರು ಅವರು. ಬಾಗಿಲು ತೆರೆದ ಮೇಲೆಯೇ ಹೊರಗೆ ಎಷ್ಟು ಜನ ನಿಂತಿದ್ದರೆಂಬುದು ತಿಳಿದುಬಂದಿತು.

ವೆಚ್ಚವು ಅಂದಾಜನ್ನು ಮೀರಿತು. 1951ರ ಮುಂಗಡಪತ್ರದಲ್ಲಿ ಕನ್ನಡಕಕ್ಕೂ ಕೃತಕ ಹಲ್ಲುಗಳಿಗೂ ಶುಲ್ಕ ವಿಧಿಸಿದಾಗ ಬೆವನ್ನರು ತತ್ತ್ವಕ್ಕಾಗಿ ಮಂತ್ರಿಪದವಿಯನ್ನು ತ್ಯಜಿಸಿದರು. ಮರುವರ್ಷ ಪ್ರಕಟಿಸಿದ ಗ್ರಂಥದಲ್ಲಿ ಅವರು ಮತ್ತೊಂದು ಪ್ರಶ್ನೆಯನ್ನೂ ಎತ್ತಿಕೊಂಡರು. ಹೊರದೇಶದಿಂದ ಬಂದವರಿಗೂ ಉಚಿತ ಚಿಕಿತ್ಸೆ ಏಕೆಂಬ ಆಕ್ಷೇಪ ಆಗಲೇ ಎದ್ದಿದ್ದಿತು. ಪರದೇಶಿಯನ್ನು ಗುರುತಿಸಬೇಕಾದರೆ ಸ್ವದೇಶಿಯೂ ತಾನು ಪರದೇಶಿಯಲ್ಲವೆಂಬ ದಾಖಲೆಯನ್ನು ಹೊತ್ತು ತಿರುಗಬೇಕಾದೀತೆಂಬುದು ಅವರು ಕೊಟ್ಟ ಉತ್ತರದ ತಾತ್ಪರ್ಯ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಯೋಜನವಿದೆ.

ಹಡಗಿನಲ್ಲಿ ಬಂದವರು

ಆರೋಗ್ಯ ಸೇವೆ ಆರಂಭವಾಗುವುದಕ್ಕೆ 13 ದಿನಗಳ ಮೊದಲು, 1948ರ ಜೂನ್ 22ರಂದು, ‘ಎಂಪೈರ್ ವಿಂಡ್‌ರಷ್’ ಎಂಬ ಹಡಗಿನಿಂದ ಕೆರಿಬಿಯನ್ ದ್ವೀಪಗಳ ನೂರಾರು ಜನ ಲಂಡನ್ನಿನ ಸಮೀಪದ ಟಿಲ್‌ಬರಿ ಬಂದರಿನಲ್ಲಿ ಇಳಿದರು. ಅವರು ಬ್ರಿಟಿಷ್ ಪ್ರಜೆಗಳಾಗಿಯೇ ಬಂದವರು. ಅದೇ ವರ್ಷದ ಪೌರತ್ವ ಕಾಯಿದೆಯು ವಸಾಹತುಗಳವರಿಗೂ ಬ್ರಿಟನ್ನಿನವರಿಗೂ ಒಂದೇ ಪೌರತ್ವವನ್ನು ನೀಡಿತು. ಯುದ್ಧದಿಂದ ಜರ್ಝರಿತವಾದ ದೇಶಕ್ಕೆ ಕೈಗಳು ಬೇಕಾಗಿದ್ದವು. ಹೊಸ ಆಸ್ಪತ್ರೆ ವ್ಯವಸ್ಥೆಗಂತೂ ದಾದಿಯರ ಕೊರತೆ ತೀವ್ರವಾಗಿದ್ದಿತು. 1949ರಿಂದ ಕೆರಿಬಿಯನ್ ದ್ವೀಪಗಳಲ್ಲಿಯೇ ದಾದಿಯರ ಆಯ್ಕೆ ಆರಂಭವಾಯಿತು. ಐರ್ಲೆಂಡಿನಿಂದಲೂ ಸಾವಿರಾರು ಹುಡುಗಿಯರು ಬಂದರು.

ಹೀಗೆ ಬಂದವರಲ್ಲಿ ಅನೇಕರು ಮೂರು ವರ್ಷಗಳ ಪೂರ್ಣ ತರಬೇತಿಯ ಕನಸು ಹೊತ್ತು ಬಂದಿದ್ದರು. ಅವರನ್ನು ಎರಡು ವರ್ಷಗಳ ಕೆಳದರ್ಜೆಯ ತರಬೇತಿಗೆ ತಳ್ಳಿದ್ದೇ ಹೆಚ್ಚು. ಆ ಕೆಳದರ್ಜೆಯ ಪ್ರಮಾಣಪತ್ರಕ್ಕೆ ಅವರ ಸ್ವದೇಶದಲ್ಲಿ ಮನ್ನಣೆಯಿರಲಿಲ್ಲವಾದ್ದರಿಂದ ಮರಳಿ ಹೋಗುವ ದಾರಿಯೂ ಮುಚ್ಚಿದಂತಾಯಿತು. ರಾತ್ರಿಪಾಳಿ, ವೃದ್ಧರ ವಾರ್ಡು, ಮಾನಸಿಕ ಆಸ್ಪತ್ರೆ ಇವೇ ಅವರ ಪಾಲಿಗೆ ಬಂದವು.

ವೈದ್ಯರ ವಿಷಯವೂ ಹೀಗೆಯೇ. ಭಾರತದ ವೈದ್ಯಕೀಯ ಪದವಿಗಳಿಗೆ ಬ್ರಿಟನ್ನಿನಲ್ಲಿ 1975ರವರೆಗೆ ನೇರ ಮನ್ನಣೆಯಿದ್ದಿತು. ಭಾರತದಿಂದ, ಅವರಲ್ಲಿ ನಮ್ಮ ಕನ್ನಡ ನಾಡಿನಿಂದಲೂ, ಹೋದ ತರುಣ ವೈದ್ಯರು ಅಲ್ಲಿಯ ಪದವೀಧರರು ಒಲ್ಲೆನೆಂದ ಕೈಗಾರಿಕಾ ಪಟ್ಟಣಗಳ ಬಡ ಬಡಾವಣೆಗಳಲ್ಲಿ, ಗಣಿ ಕಣಿವೆಗಳಲ್ಲಿ ಔಷಧಾಲಯ ತೆರೆದು ಕುಳಿತರು. ಬೆವನ್ನರ ಸ್ವಂತ ವೇಲ್ಸಿನಲ್ಲಿಯೇ ಗಣಿ ಕಾರ್ಮಿಕರ ಎದೆಗೆ ಕಿವಿಗೊಟ್ಟವರಲ್ಲಿ ಭಾರತೀಯ ವೈದ್ಯರು ಬಹುಮಂದಿ.

ಇಷ್ಟಾದರೂ ಬಂದವರ ಮೇಲೆ ಬಾಗಿಲು ಕ್ರಮೇಣ ಮುಚ್ಚುತ್ತ ಹೋಯಿತು. 1962, 1968 ಮತ್ತು 1971ರ ಕಾಯಿದೆಗಳು ಒಂದರ ಮೇಲೊಂದು ನಿರ್ಬಂಧ ಹೇರಿದವು. 1960ರಿಂದ 1963ರವರೆಗೆ ಆರೋಗ್ಯ ಮಂತ್ರಿಯಾಗಿ, ಹೊರನಾಡಿನ ವೈದ್ಯರೂ ದಾದಿಯರೂ ನಡೆಸುತ್ತಿದ್ದ ಆಸ್ಪತ್ರೆಗಳ ಹೊಣೆ ಹೊತ್ತಿದ್ದ ಈನಕ್ ಪವೆಲ್ಲರೇ 1968ರ ಏಪ್ರಿಲಿನಲ್ಲಿ ವಲಸೆಯ ವಿರುದ್ಧ ಕುಪ್ರಸಿದ್ಧ ಭಾಷಣ ಮಾಡಿದರು. ಲಂಡನ್ನಿನ ಬಂದರು ಕಾರ್ಮಿಕರು ಅವರ ಪರವಾಗಿ ಮೆರವಣಿಗೆ ಹೊರಟರು. ಕಾರ್ಮಿಕ ಚಳವಳಿಗೆ ಇದು ಲಜ್ಜೆಯ ದಿನವಾಗಿದ್ದಿತು.

ಕಾರ್ಮಿಕ ಸಂಘಗಳೂ ನಿರ್ದೋಷಿಗಳಾಗಿರಲಿಲ್ಲ. ಬ್ರಿಸ್ಟಲ್ ನಗರದ ಬಸ್ಸುಗಳಲ್ಲಿ ಕರಿಯರನ್ನೂ ಭಾರತೀಯರನ್ನೂ ಚಾಲಕರಾಗಿ, ನಿರ್ವಾಹಕರಾಗಿ ತೆಗೆದುಕೊಳ್ಳಬಾರದೆಂದು 1955ರಲ್ಲಿ ಠರಾವು ಮಾಡಿದುದು ಅಲ್ಲಿಯ ಕಾರ್ಮಿಕ ಸಂಘದ ಶಾಖೆಯೇ. 1963ರ ಬೇಸಗೆಯಲ್ಲಿ ಪಾಲ್ ಸ್ಟೀಫನ್‌ಸನ್ನರ ಮುಂದಾಳ್ತನದಲ್ಲಿ ಆ ಬಸ್ಸುಗಳ ಬಹಿಷ್ಕಾರ ನಡೆದು, ಆಗಸ್ಟ್ 28ರಂದು ನಿರ್ಬಂಧ ತೆಗೆಯಲ್ಪಟ್ಟಿತು. ಹೀಗೆ ನೇಮಕವಾದ ಮೊದಲ ನಿರ್ವಾಹಕನು ಒಬ್ಬ ಸಿಖ್ ತರುಣ.

ಸೂಜಿಯ ಕೆಲಸ ಮತ್ತು ಸೀರೆಯ ಸೆರಗು

1968ರಲ್ಲಿಯೇ ಇನ್ನೊಂದು ಘಟನೆ ನಡೆಯಿತು. ಡಾಗೆನ್‌ಹ್ಯಾಮ್ ಎಂಬಲ್ಲಿಯ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಆಸನಗಳಿಗೆ ಹೊದಿಕೆ ಹೊಲಿಯುತ್ತಿದ್ದ 187 ಮಂದಿ ಹೆಂಗಸರು ಜೂನ್ 7ರಂದು ಮುಷ್ಕರ ಹೂಡಿದರು. ಅವರ ಕೆಲಸವನ್ನು ಕೌಶಲವಿಲ್ಲದ ಕೆಲಸವೆಂದು ವರ್ಗೀಕರಿಸಲಾಗಿದ್ದಿತು. ಆ ವರ್ಗದ ಗಂಡಸರಿಗೆ ಸಿಗುವ ಕೂಲಿಯೂ ಅವರಿಗೆ ಪೂರ್ಣವಾಗಿ ಸಿಗುತ್ತಿರಲಿಲ್ಲ. ಆಸನವಿಲ್ಲದೆ ಕಾರು ಹೊರಡುವಂತಿಲ್ಲ. ಮೂರು ವಾರಗಳಲ್ಲಿ ಉತ್ಪಾದನೆ ಸ್ತಬ್ಧವಾಯಿತು. ಉದ್ಯೋಗ ಮಂತ್ರಿಣಿ ಬಾರ್ಬರಾ ಕ್ಯಾಸಲರು ಮಧ್ಯಸ್ಥಿಕೆ ವಹಿಸಿ, ಗಂಡಸರ ಕೂಲಿಯ ಶೇಕಡಾ 92ರಷ್ಟನ್ನು ಕೊಡಿಸಿದರು. ಈ ಮುಷ್ಕರದ ಪ್ರೇರಣೆಯಿಂದ 1970ರಲ್ಲಿ ಸಮಾನ ವೇತನದ ಕಾಯಿದೆ ಬಂದು, 1975ರ ಡಿಸೆಂಬರಿನ ಕೊನೆಗೆ ಜಾರಿಯಾಯಿತು. ಹೊಲಿಗೆಯು ಕೌಶಲದ ಕೆಲಸವೆಂಬ ಮೂಲ ಬೇಡಿಕೆ ಈಡೇರಲು ಮಾತ್ರ 1984ರಲ್ಲಿ ಮತ್ತೊಂದು ಮುಷ್ಕರ ಬೇಕಾಯಿತು.

ಇನ್ನು ಗ್ರನ್‌ವಿಕ್ಕಿನ ಕಥೆ. ಆಫ್ರಿಕದ ಪೂರ್ವ ದೇಶಗಳಲ್ಲಿ ನೆಲಸಿದ್ದ ಭಾರತೀಯ ಮೂಲದವರು 1960ರ ದಶಕದ ಕೊನೆಯಿಂದ ಬ್ರಿಟನ್ನಿಗೆ ಬರತೊಡಗಿದ್ದರು. 1972ರಲ್ಲಿ ಇದಿ ಅಮೀನನು ಉಗಾಂಡದಿಂದ ಏಷ್ಯದವರನ್ನು 90 ದಿನಗಳ ಗಡುವಿನಲ್ಲಿ ಹೊರಗಟ್ಟಿದಾಗ ಇನ್ನಷ್ಟು ಕುಟುಂಬಗಳು ಬಂದವು. ಮನೆಯ ಹೊರಗೆ ಎಂದೂ ದುಡಿಯದಿದ್ದ ಎಷ್ಟೋ ಗೃಹಿಣಿಯರು ಕಾರ್ಖಾನೆಗಳ ಮೆಟ್ಟಿಲು ಹತ್ತಿದರು. ಲಂಡನ್ನಿನ ವಾಯುವ್ಯದಲ್ಲಿದ್ದ ಗ್ರನ್‌ವಿಕ್ ಎಂಬ ಛಾಯಾಚಿತ್ರ ಸಂಸ್ಕರಣದ ಕಾರ್ಖಾನೆಯಲ್ಲಿ ಇಂಥವರೇ ಹೆಚ್ಚು. ಕೂಲಿ ಕಡಿಮೆ, ಹೊತ್ತು ಮೀರಿದ ದುಡಿಮೆ ಕಡ್ಡಾಯ, ಶೌಚಕ್ಕೆ ಹೋಗಲೂ ಮೇಲಿನವರ ಅಪ್ಪಣೆ ಬೇಕು. ಗುಜರಾತಿನಲ್ಲಿ ಹುಟ್ಟಿ ಟಾಂಜಾನಿಯದ ಮೂಲಕ ಬಂದಿದ್ದ ಜಯಾಬೆನ್ ದೇಸಾಯಿ 1976ರ ಆಗಸ್ಟಿನಲ್ಲಿ ಇದನ್ನು ಪ್ರತಿಭಟಿಸಿ ಹೊರನಡೆದರು. ಅವರ ಹಿಂದೆ ನೂರಕ್ಕೂ ಹೆಚ್ಚು ಮಂದಿ ಹೊರಬಂದು ಕಾರ್ಮಿಕ ಸಂಘವನ್ನು ಸೇರಿದರು.

ಸೀರೆಯುಟ್ಟು, ಮೇಲೊಂದು ಉಣ್ಣೆಯ ಕೋಟು ತೊಟ್ಟು, ಚಳಿಯಲ್ಲಿ ಮಳೆಯಲ್ಲಿ ಕಾರ್ಖಾನೆಯ ಬಾಗಿಲಲ್ಲಿ ನಿಂತ ಈ ಹೆಂಗಸರನ್ನು ಕಂಡು ದೇಶವೇ ಬೆರಗಾಯಿತು. ಆ ಪ್ರದೇಶದ ಅಂಚೆಯವರು ಕಾರ್ಖಾನೆಯ ಟಪಾಲನ್ನು ಮುಟ್ಟಲೊಲ್ಲೆವೆಂದರು. 1977ರಲ್ಲಿ ಗಣಿ ಕಾರ್ಮಿಕರು ದೂರದ ಊರುಗಳಿಂದ ಬಂದು ಜೊತೆಗೂಡಿದರು. ಒಂಬತ್ತು ವರ್ಷಗಳ ಹಿಂದೆ ಪವೆಲ್ಲರ ಪರ ಘೋಷಣೆ ಕೂಗಿದ್ದ ಲಂಡನ್ ಬಂದರಿನ ಕಾರ್ಮಿಕರ ಧ್ವಜವೂ ಆ ಮೆರವಣಿಗೆಯಲ್ಲಿ ಕಾಣಿಸಿತು. ಪರದೇಶಿಯನ್ನು ತನ್ನ ಕೂಲಿಯ ಶತ್ರುವೆಂದು ಬಗೆದವನು ಅವಳಲ್ಲಿ ತನ್ನಂತೆಯೇ ದುಡಿಯುವ ಜೀವವನ್ನು ಗುರುತಿಸಿದ ಘಳಿಗೆ ಅದು.

ಆದರೂ ಮುಷ್ಕರ ಸೋತಿತು. ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ನ್ಯಾಯಾಧೀಶ ಸ್ಕಾರ್ಮನ್ನರ ವಿಚಾರಣಾ ಮಂಡಲಿ ಹೇಳಿದರೂ ಒಡೆಯರು ಒಪ್ಪಲಿಲ್ಲ. ಬೆಂಬಲವಿತ್ತ ದೊಡ್ಡ ಸಂಘಗಳು ಹಿಂದೆಗೆದವು. 1977ರ ನವೆಂಬರಿನಲ್ಲಿ ಜಯಾಬೆನ್ನರೂ ಸಂಗಡಿಗರೂ ಕಾರ್ಮಿಕ ಸಂಘಗಳ ಕೇಂದ್ರ ಕಚೇರಿಯ ಮುಂದೆಯೇ ಉಪವಾಸ ಕುಳಿತಾಗ, ಅವರ ಸ್ವಂತ ಸಂಘವೇ ಅವರನ್ನು ಅಮಾನತಿನಲ್ಲಿಟ್ಟಿತು. 1978ರ ಜುಲೈನಲ್ಲಿ ಮುಷ್ಕರ ಕೊನೆಗೊಂಡಿತು. ಸೋತರೂ ಈ ಹೋರಾಟ ವ್ಯರ್ಥವಾಗಲಿಲ್ಲವೆಂದೇ ಇತಿಹಾಸಕಾರರ ಅಭಿಪ್ರಾಯ. ವಲಸೆ ಬಂದ ಹೆಂಗಸರು ಕಾರ್ಮಿಕ ಚಳವಳಿಯ ಹೊರಗಿನವರೆಂದು ಹೇಳುವ ಧೈರ್ಯ ಮುಂದೆ ಯಾವ ಸಂಘಕ್ಕೂ ಉಳಿಯಲಿಲ್ಲ.

ಆಕ್ಷೇಪಗಳ ವಿಚಾರ

ಈ ಧೋರಣೆಗೆ ಬರುವ ಆಕ್ಷೇಪಗಳನ್ನು ಪ್ರಾಮಾಣಿಕವಾಗಿ ಎದುರಿಸುವುದು ಅಧ್ಯಯನಶೀಲರ ಕರ್ತವ್ಯ.

ಮೊದಲನೆಯದು ವೆಚ್ಚದ ಆಕ್ಷೇಪ. ಎಲ್ಲರಿಗೂ ಉಚಿತವಾದುದು ಎಲ್ಲರಿಗೂ ಸಕಾಲದಲ್ಲಿ ದೊರೆಯದು ಎನ್ನುವವರಿದ್ದಾರೆ. 2023ರಲ್ಲಿ ಇಂಗ್ಲೆಂಡಿನ ಚಿಕಿತ್ಸೆಯ ಕಾಯುವ ಪಟ್ಟಿ 75 ಲಕ್ಷವನ್ನು ದಾಟಿದ್ದುದು ಈ ಆಕ್ಷೇಪಕ್ಕೆ ಬಲ ಕೊಡುತ್ತದೆ. ಸರತಿ ಉದ್ದವಾದರೆ ಅದನ್ನು ಚಿಕ್ಕದಾಗಿಸುವ ಹಣ, ವೈದ್ಯರು, ಸುವ್ಯವಸ್ಥೆ ಬೇಕು. ಬಡವನನ್ನು ಸರತಿಯಿಂದ ತೆಗೆದುಹಾಕಿ ಸರತಿಯನ್ನು ಚಿಕ್ಕದು ಮಾಡುವುದು ಪರಿಹಾರವೆನಿಸದು.

ಎರಡನೆಯದು, ವಲಸೆಯಿಂದ ಸ್ಥಳೀಯರ ಕೂಲಿ ಇಳಿಯುವುದು, ವಸತಿಗೆ ಇಕ್ಕಟ್ಟಾಗುವುದು ಎಂಬ ಆಕ್ಷೇಪ. ಈ ಭಯವನ್ನು ಹಗುರಾಗಿ ತಳ್ಳಿಹಾಕಬಾರದು. ಬಂದವನಿಗೆ ಹಕ್ಕಿಲ್ಲದಿದ್ದಾಗಲೇ ಒಡೆಯನು ಅವನನ್ನು ಅಗ್ಗದ ಕೂಲಿಗೆ ಬಳಸಿಕೊಂಡು ಇತರರ ಕೂಲಿಯನ್ನೂ ಇಳಿಸಬಲ್ಲನೆಂಬುದು ಗ್ರನ್‌ವಿಕ್ಕಿನ ಪಾಠ.

ಮೂರನೆಯ ಆಕ್ಷೇಪ ನಮಗೆ ಹತ್ತಿರದ್ದು; ನನಗೆ ಉತ್ತರಿಸಲು ಕಷ್ಟವೆನಿಸುವುದೂ ಇದೇ. ಬಡ ದೇಶದ ಜನರ ತೆರಿಗೆಯಿಂದ ಓದಿದ ವೈದ್ಯನು ಸಿರಿವಂತ ದೇಶಕ್ಕೆ ಹೋದರೆ, ಬ್ರಿಟನ್ನಿನ ಉಚಿತ ಆಸ್ಪತ್ರೆಗೆ ಹಣ ಕಟ್ಟಿದವರಲ್ಲಿ ನಮ್ಮ ಹಳ್ಳಿಯ ರೈತನೂ ಸೇರಿದಂತಾಗಲಿಲ್ಲವೇ? ಹೋದ ತರುಣರನ್ನು ದೂಷಿಸಲಾಗದು; ಹೋಗುವ ಹಕ್ಕೂ ಹಕ್ಕೇ. ಆದರೆ ಕರೆಸಿಕೊಂಡ ದೇಶಕ್ಕೆ ಕಳುಹಿಸಿದ ದೇಶದ ಋಣವುಂಟು. ಆರೋಗ್ಯ ಸಿಬ್ಬಂದಿಯ ನೇಮಕದಲ್ಲಿ ಈ ವಿಚಾರವನ್ನು ಗಮನಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ನಿಯಮಾವಳಿಯೊಂದನ್ನು ಅಂಗೀಕರಿಸಿತು. ಅದರ ಪಾಲನೆ ಮಾತ್ರ ಆಯಾ ದೇಶದ ಇಚ್ಛೆಗೆ ಬಿಟ್ಟುದಾಗಿದೆ.

ಬೆವನ್ನರ ಹಳೆಯ ಮಾತು ನಿಜವಾದುದು 2018ರಲ್ಲಿ. ಬಾಲ್ಯದಲ್ಲಿಯೇ ಕೆರಿಬಿಯನ್ ದ್ವೀಪಗಳಿಂದ ಬಂದು, ದಶಕಗಳ ಕಾಲ ದುಡಿದು ತೆರಿಗೆ ತೆತ್ತವರಲ್ಲಿ ಅನೇಕರು ಕಾಗದಪತ್ರವಿಲ್ಲವೆಂಬ ಕಾರಣದಿಂದ ಉದ್ಯೋಗ ಕಳೆದುಕೊಂಡರು, ಕೆಲವರಿಗೆ ಚಿಕಿತ್ಸೆ ನಿರಾಕರಿಸಲ್ಪಟ್ಟಿತು, ಕೆಲವರು ಗಡೀಪಾರಾದರು. ಗೃಹಮಂತ್ರಿಣಿ ರಾಜೀನಾಮೆ ಕೊಡಬೇಕಾಯಿತು. ಎರಡೇ ವರ್ಷಗಳಲ್ಲಿ ಕೋವಿಡ್ ಬಂದಾಗ ಆ ದೇಶದಲ್ಲಿ ಕರ್ತವ್ಯ ಮಾಡುತ್ತ ಮೊದಲು ಪ್ರಾಣ ತೆತ್ತ ವೈದ್ಯರಲ್ಲಿ ಬಹುಪಾಲು ವಲಸೆ ಮೂಲದವರೇ. ಹೊರದೇಶದ ದಾದಿಯರು ತಾವೇ ನಡೆಸುವ ಆಸ್ಪತ್ರೆಯ ಸೇವೆಗಾಗಿ ಪ್ರತ್ಯೇಕ ಶುಲ್ಕ ತೆರುತ್ತಿದ್ದರು. ಜನರ ಆಕ್ರೋಶದ ತರುವಾಯ 2020ರ ಮೇ ತಿಂಗಳಲ್ಲಿ ಅವರಿಗೆ ವಿನಾಯಿತಿ ಘೋಷಿತವಾಯಿತು.

ನಮ್ಮ ನಾಡಿಗೆ ಸಂಬಂಧ

ಬೆವರಿಜ್ ವರದಿಯ ಮರುವರ್ಷವೇ, 1943ರಲ್ಲಿ, ಭಾರತದಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ನೇಮಕವಾಯಿತು. ಹಣವಿಲ್ಲವೆಂಬ ಕಾರಣದಿಂದ ಯಾವ ವ್ಯಕ್ತಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಅದರ 1946ರ ವರದಿ ಸಾರಿತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲ ಅದರಲ್ಲಿದೆ. ಬ್ರಿಟನ್ನಿನ ಸೇವೆ ಆರಂಭವಾದ 1948ರಲ್ಲಿಯೇ ನಮ್ಮ ಕಾರ್ಮಿಕ ರಾಜ್ಯ ವಿಮಾ ಕಾಯಿದೆಯೂ ಬಂದಿತು. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಧ್ಯೇಯ ಸಂವಿಧಾನದ 39ನೆಯ ವಿಧಿಯಲ್ಲಿದೆ; 1976ರಲ್ಲಿ ಅದಕ್ಕೊಂದು ಕಾಯಿದೆಯೂ ಬಂದಿತು. ತತ್ತ್ವದಲ್ಲಿ ನಾವು ಹಿಂದೆ ಬಿದ್ದವರಲ್ಲ.

ಆದರೆ ಇಂದು ನಮ್ಮ ಹಳ್ಳಿಹಳ್ಳಿಗಳಲ್ಲಿ ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ, ಮಕ್ಕಳಿಗೆ ಲಸಿಕೆ ಹಾಕಿಸುವ ಆಶಾ ಕಾರ್ಯಕರ್ತೆಯರನ್ನು ನೋಡೋಣ. 2005ರಲ್ಲಿ ಆರಂಭವಾದ ಈ ಯೋಜನೆಯ ಸ್ತ್ರೀಯರನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೌರವಿಸಿತು. ಆದರೂ ಲೆಕ್ಕದಲ್ಲಿ ಅವರು ಕಾರ್ಮಿಕರಲ್ಲ, ಸ್ವಯಂಸೇವಕಿಯರು. ಅವರಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ. ಡಾಗೆನ್‌ಹ್ಯಾಮಿನ ಹೊಲಿಗೆಯವರನ್ನು ಕೌಶಲವಿಲ್ಲದವರೆಂದು ಬರೆದ ಲೇಖನಿಗೂ ಈ ಲೆಕ್ಕ ಬರೆಯುವ ಲೇಖನಿಗೂ ಅಂತರವೆಷ್ಟು? ಹಾಗೆಯೇ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಗುಳೆ ಹೋಗಿ ಬೆಂಗಳೂರು ಮುಂಬಯಿಗಳಲ್ಲಿ ಕಟ್ಟಡ ಕಟ್ಟುವ ನಮ್ಮ ಜನ. ಪಾಸ್‌ಪೋರ್ಟ್ ಇಲ್ಲದೆಯೂ ಮನುಷ್ಯನು ಪರದೇಶಿಯಾಗಬಲ್ಲನೆಂಬುದನ್ನು 2020ರ ಬೇಸಗೆಯ ಹೆದ್ದಾರಿಗಳಲ್ಲಿ ನಾವು ಕಣ್ಣಾರೆ ಕಂಡೆವು.

ಉಪಸಂಹಾರ

1911ರ ಕಾಯಿದೆ ಹೆಂಡತಿಯನ್ನು ಹೊರಗಿಟ್ಟಿತು. ಬೆವರಿಜ್ ವರದಿ ದುಡಿಯುವ ವಿವಾಹಿತೆಯನ್ನು ಅರ್ಧ ಒಳಗಿಟ್ಟಿತು. 1948ರ ಸೇವೆ ಹೊರನಾಡಿನ ದಾದಿಯನ್ನು ಹಿಂಬಾಗಿಲಿನಿಂದ ಒಳಗೆ ಕರೆಯಿತು. ಕಾರ್ಮಿಕರ ಸಂಘ ಕರಿಯ ಕಾರ್ಮಿಕನಿಗೆ ಬಾಗಿಲು ಹಾಕಿತು. ಇವನ್ನು ಕಟ್ಟಿದವರಲ್ಲಿ ಸಜ್ಜನರು ಕಡಿಮೆಯಿರಲಿಲ್ಲ. ಆದರೂ ಪ್ರತಿಯೊಂದು ಒಳ್ಳೆಯ ಕೆಲಸದ ಹೊಸ್ತಿಲಾಚೆ ಯಾರೋ ಒಬ್ಬರು ನಿಂತೇ ಇದ್ದರು. ತಪ್ಪು ತಿದ್ದಿಕೊಂಡುದು ಹೊರಗೆ ನಿಂತವರೇ ಬಾಯಿ ತೆರೆದು ಕೇಳಿದಾಗ. ಆದುದರಿಂದ ಇತಿಹಾಸದ ಪಾಠ ಹೇಳುವ ನಾವು ಯಾವುದೇ ಸುಧಾರಣೆಯ ವರ್ಷವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ ಮೇಲೆ, ಆ ಸುಧಾರಣೆಯಲ್ಲಿ ಹೊರಗುಳಿದವರು ಯಾರೆಂಬ ಪ್ರಶ್ನೆಯನ್ನೂ ಕೇಳಿಸತಕ್ಕದ್ದು.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾನಿತ್ತ ಉತ್ತರವನ್ನು ಇಂದು ತಿದ್ದಿಕೊಳ್ಳುತ್ತಿದ್ದೇನೆ. ಆ ಹಣವನ್ನು ತೆರಿಗೆದಾರರು ಕಟ್ಟುತ್ತಾರೆ. ಜೊತೆಗೆ ದವಡೆ ಕೊಳೆತ ಹುಡುಗಿಯೂ, ಧೂಳು ಕುಡಿದ ಗಣಿಗನೂ, ರಾತ್ರಿಪಾಳಿಯ ದಾದಿಯೂ, ತನ್ನೂರನ್ನು ಬಿಟ್ಟುಹೋದ ವೈದ್ಯನೂ, ಅವನನ್ನು ಓದಿಸಿದ ರೈತನೂ ಕಟ್ಟಿದ್ದಾರೆ. ಉಚಿತವಾಗಿ ಉಣ್ಣುವವನು ಬಡಿಸಿದವರನ್ನು ನೆನೆಯಬೇಕೆಂಬುದು ನಮ್ಮ ಪ್ರಸಾದ ನಿಲಯದ ಹುಡುಗರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಅದನ್ನು ಅವರೇ ನಮಗೆ ನೆನಪಿಸಿಕೊಡುತ್ತಿರುವರು.